ಆರತಿ ಹಿಡಿದ ಅಪ್ರೆಂಟಿಸ್

ಗೋಕಾಕದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ನಟ್ಟು ಬಿಚ್ಚುವ ಪಾನಾ ಅಲ್ಲ, ಆರತಿ ತಾಟು. ಹತ್ತರಗಿಯ ರೈತರೊಬ್ಬರು ಹೊಸ ಟ್ರ್ಯಾಕ್ಟರ್ ಒಯ್ಯಲು ಬಂದಿದ್ದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು, ಬಾನೆಟ್ಟಿಗೆ ಹಾರ ಹಾಕಿಯಾಗಿತ್ತು, ಆದರೆ ಜೊತೆಗೆ ಬಂದವರೆಲ್ಲ ಗಂಡಸರು. ಆರತಿ ಬೆಳಗುವವರು ಯಾರು? ಮಾಲಕರು ಸುತ್ತ ಕಣ್ಣಾಡಿಸಿದರು. ನೀಲಿ ಸಮವಸ್ತ್ರ ತೊಟ್ಟು ನಾನು ಮೂಲೆಯಲ್ಲಿ ನಿಂತಿದ್ದೆ.

“ಬಾ ತಂಗಿ, ನೀನ ಬೆಳಗು. ಲಕ್ಷ್ಮಿ ಬಂದಂಗ ಬಂದಿ ನೋಡು,” ಅಂದರು. ಎಲ್ಲರೂ ನಕ್ಕರು. ಮೊದಲ ದಿನವೇ ಮುಖ ಗಂಟಿಕ್ಕಿಕೊಂಡು ನಿಲ್ಲುವುದು ಬೇಡವೆಂದು ನಾನೂ ನಕ್ಕೆ. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಮ್ಮೂರು ಕೌಜಲಗಿ. ಅಪ್ಪ ನಮ್ಮ ಹಳೆಯ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗುತ್ತಾನೆ. ಅದು ದಾರಿಯಲ್ಲಿ ಕೈಕೊಟ್ಟರೆ ಮಿಸ್ತ್ರಿಗೆ ಫೋನು ಹಚ್ಚಿ, ಅವನು ಬರುವವರೆಗೆ ಟ್ರೇಲರಿನ ನೆರಳಲ್ಲಿ ಕೂಡುವುದು. ಎಷ್ಟೋ ಸಲ ನಾನೂ ಜೊತೆಗೆ ಕೂತಿದ್ದೇನೆ. ಮಿಸ್ತ್ರಿ ಬಂದು ಎರಡು ನಟ್ಟು ಸಡಿಲಿಸಿ, ಪಂಪು ಒತ್ತಿ, ಬುರುಬುರು ನೊರೆ ಬರಿಸಿ, ಮತ್ತೆ ಬಿಗಿದು, “ಹೊಡೀರಿ ಸೆಲ್ಫು” ಅನ್ನುತ್ತಿದ್ದ. ಗಾಡಿ ಗುಡುಗುಡು ಅನ್ನುತ್ತಿತ್ತು. ಆ ಕೆಲಸ ನನ್ನದಾಗಬೇಕು ಅನ್ನಿಸಿತು. ಅದಕ್ಕೇ ಮೂಡಲಗಿಯಲ್ಲಿ ಐಟಿಐ ಸೇರಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಟ್ರೇಡ್ ತೆಗೆದುಕೊಂಡೆ. ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಅಲ್ಲಿ ಇದ್ದದ್ದು ಸತ್ತ ಎಂಜಿನ್, ಎಂದೂ ಚಾಲೂ ಆಗದ್ದು. ಆದರೂ ಬಿಚ್ಚಿ ಜೋಡಿಸುತ್ತ ಕೈಗೆ ಒಂದಿಷ್ಟು ಹದ ಬಂದಿತ್ತು. ಉಸಿರಾಡುವ ಎಂಜಿನ್ನಿಗೆ ಕೈ ಹಚ್ಚುವುದು ಅಪ್ರೆಂಟಿಸ್ ವರ್ಷದಲ್ಲಿ ಎಂದು ನಂಬಿದ್ದೆ.

ಶೋರೂಮಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ, ಅದೇ ದೊಡ್ಡ ತೊಂದರೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬಾಯಿಗೆ ನಾನೇನು ಕಡಿಮೆಯಿಲ್ಲ. ಹಿರಿಯ ಮಿಸ್ತ್ರಿಯಂತೂ ದೇವರಂಥ ಮನುಷ್ಯ. ನಾನು ಎಂಜಿನ್ ಹತ್ತಿರ ಹೋದರೆ ಸಾಕು, “ಆಚೆ ಸರಿ ತಂಗಿ, ಡೀಸೆಲ್ ಸಿಡದು ಅರಬಿ ಹೊಲಸ ಆಗತಾವು,” ಅನ್ನುತ್ತಿದ್ದರು. ಅರಿವೆ ಹೊಲಸು ಮಾಡಿಕೊಳ್ಳುವುದಕ್ಕೇ ಬಂದಿದ್ದೇನಲ್ಲ ಅಂದರೆ, “ಖರೆ, ಆದ್ರ ಇವತ್ತ ಗಡಬಿಡಿ ಐತಿ, ನಾಳೆ ಕಲಸ್ತೇನಿ,” ಅನ್ನುತ್ತಿದ್ದರು. ಗಡಬಿಡಿ ಇಲ್ಲದ ದಿನ ಆ ಶೋರೂಮಿಗೆ ಬರಲೇ ಇಲ್ಲ. ನನ್ನ ಜೊತೆ ಸೇರಿದ ಹುಡುಗರು ಮೊಣಕೈವರೆಗೆ ಕರಿ ಬಳಿದುಕೊಂಡು ಊಟಕ್ಕೆ ಬರುತ್ತಿದ್ದರು. ನಾನು ಕೌಂಟರಿನಲ್ಲಿ ಕೂತು, ಸರ್ವಿಸ್‌ಗೆ ಯಾವಾಗ ತರತೀರಿ ಎಂದು ಊರೂರಿಗೆ ಫೋನು ಮಾಡುತ್ತಿದ್ದೆ. ಊಟಕ್ಕೆ ಮುಂಚೆ ತೊಳೆಯುವುದಕ್ಕೆ ನನ್ನ ಕೈಗೆ ಏನೂ ಅಂಟಿರುತ್ತಿರಲಿಲ್ಲ.

ಆರತಿ ಮಾತ್ರ ತಪ್ಪಲಿಲ್ಲ. ಅಷ್ಟರಲ್ಲಿ ಒಂದು ಸುದ್ದಿಯೂ ಹಬ್ಬಿತ್ತು: ನಾನು ಬೆಳಗಿದ ಗಾಡಿ ಕೆಡುವುದಿಲ್ಲವಂತೆ. ಹುಕ್ಕೇರಿ ಕಡೆಯ ಗಿರಾಕಿಯೊಬ್ಬರು ನನಗೆ ರಜೆ ಎಂದು ತಿಳಿದು, ಗಾಡಿ ಒಯ್ಯುವುದನ್ನೇ ಮರುದಿನಕ್ಕೆ ಹಾಕಿದರು. “ಆ ತಂಗಿ ಕೈಗುಣ ಛಲೋ ಐತ್ರಿ,” ಎಂದು ಮಾಲಕರ ಮುಂದೆ ಹೊಗಳಿದರು. ಮಾಲಕರಿಗೆ ಹಿಗ್ಗೋ ಹಿಗ್ಗು. ಮರುದಿನ ಆ ಗಾಡಿಗೆ ಬೆಳಗಿ, ತಾಟು ಕೆಳಗಿಟ್ಟು ನೇರ ಮಾಲಕರ ಕೋಣೆಗೆ ಹೋದೆ. “ನಾ ಇಲ್ಲಿಗೆ ಗಾಡಿ ಕಲಿಯಾಕ ಬಂದೇನ್ರಿ, ಪೂಜಾ ಮಾಡಾಕ ಅಲ್ಲ,” ಅಂದೆ. ಅವರು ಕುರ್ಚಿ ತೋರಿಸಿ ನೀರು ಕೊಟ್ಟರು. “ಗಿರಾಕಿ ತನ್ನ ಲಕ್ಷಗಟ್ಟಲೆ ಗಾಡಿ ಹುಡುಗಿ ಬಿಚ್ಚೂದ ನೋಡಿದ್ರ ಏನ ಅಂದಾನು? ನೀನ ಹೇಳವಾ,” ಎಂದು ನನ್ನನ್ನೇ ಕೇಳಿದರು. ಏನೇನೋ ಹೇಳಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಫೋನಿನ ಪಟ್ಟಿಯನ್ನು ನನ್ನ ಕಡೆ ಸರಿಸಿದರು.

ಸಂಜೆ ಮನೆಗೆ ಬಂದರೆ ಅಪ್ಪ ತಪ್ಪದೆ ಕೇಳುತ್ತಿದ್ದ: “ಇವತ್ತ ಏನ ಬಿಚ್ಚಿದ್ರಿ?” ಆ ದಿನ ವರ್ಕ್‌ಶಾಪಿನಲ್ಲಿ ಏನು ಬಿಚ್ಚಿದ್ದರೋ ಅದನ್ನು ಹೇಳುತ್ತಿದ್ದೆ. ಬಿಚ್ಚಿದ್ದು ಯಾರು ಎಂದು ಅವನು ಕೇಳಲಿಲ್ಲ. ಚಹಾದಂಗಡಿಯಲ್ಲಿ ಕೂತು, “ಇನ್ನ ನಮಗ ಮಿಸ್ತ್ರಿ ಹಂಗಿಲ್ಲ, ಮನ್ಯಾಗ ಮಿಸ್ತ್ರಿ ತಯಾರಾಗ್ಯಾಳ,” ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಅವನಿಗೆ ನಿಜ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ.

ವರ್ಷದ ಕೊನೆಗೆ ಅಪ್ರೆಂಟಿಸ್ ಪರೀಕ್ಷೆಯೂ ಆಯಿತು. ಪರೀಕ್ಷಕರು ಒಂದೊಂದೇ ಭಾಗ ಮುಟ್ಟಿ ಹೆಸರು ಕೇಳಿದರು. ಹೆಸರು ಹೇಳುವುದರಲ್ಲಿ ನಾನು ಗಟ್ಟಿ, ಪಾಸಾದೆ. ಶೋರೂಮಿನವರು ಕೌಂಟರ್ ಕೆಲಸಕ್ಕೇ ಇರು ಅಂದರು. ಒಲ್ಲೆನೆಂದು ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಕೇಳಿದೆ, ಹುಕ್ಕೇರಿಯಲ್ಲೂ ಕೇಳಿದೆ. ಎಲ್ಲರದೂ ಒಂದೇ ಪ್ರಶ್ನೆ: “ಕೈಯಾರೆ ಏನೇನ ಕೆಲಸ ಮಾಡೀದಿ?” ಬಸ್ಸು ಹತ್ತಿ ಮನೆಗೆ ಬಂದು ಕೂತೆ.

ಮುಂದೆ ಕಬ್ಬಿನ ಹಂಗಾಮು. ಒಂದು ಮುಂಜಾನೆ ನಮ್ಮ ಅಂಗಳದಲ್ಲೇ ಟ್ರ್ಯಾಕ್ಟರ್ ಚಾಲೂ ಆಗಲಿಲ್ಲ. ಅಪ್ಪನ ಮುಖದಲ್ಲಿ ಚಿಂತೆಯೇ ಇಲ್ಲ, ಬದಲಿಗೆ ಒಂಥರಾ ಖುಷಿ. ಪಾನಾಗಳ ಚೀಲ ತಂದು ನನ್ನ ಮುಂದೆ ಇಟ್ಟ. “ನೋಡವಾ,” ಅಂದ. ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿತ್ತು. ಅದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಎಲ್ಲಿ ಸಡಿಲಿಸಬೇಕು, ಎಲ್ಲಿ ಒತ್ತಬೇಕು, ಅದೂ ಗೊತ್ತಿತ್ತು. ಬೋಲ್ಟು ಸಡಿಲಿಸಿ ಪಂಪು ಒತ್ತಿದೆ, ಗಾಳಿ ನೊರೆಯಾಗಿ ಹೊರಬಂತು. ಮತ್ತೆ ಬಿಗಿಯುವಾಗ ಎಷ್ಟಕ್ಕೆ ನಿಲ್ಲಿಸಬೇಕೋ ಕೈಗೆ ತಿಳಿಯಲಿಲ್ಲ. ಇನ್ನೊಂದು ಸುತ್ತು ಅಂದುಕೊಂಡೆ. ಕಟ್ ಎಂದಿತು. ಬೋಲ್ಟು ಅರ್ಧ ನನ್ನ ಪಾನಾದಲ್ಲಿ, ಅರ್ಧ ಒಳಗೆ. ಡೀಸೆಲ್ ಸೋರಿ ಅಂಗಳಕ್ಕೆ ಇಳಿಯತೊಡಗಿತು. ಐಟಿಐನಲ್ಲಿ ಇದೇ ಕೈ ಇಂಥ ಬೋಲ್ಟುಗಳನ್ನು ಸಲೀಸಾಗಿ ಬಿಗಿದಿತ್ತು. ಒಂದು ವರ್ಷ ಕಲಿಯಲು ಹೋಗಿ, ಬಂದದ್ದನ್ನೂ ಕಳೆದುಕೊಂಡು ಬಂದಿದ್ದೆ. ಆ ಗ್ಯಾರೇಜಿನವರು ಕೇಳಿದ ಪ್ರಶ್ನೆ ಸರಿಯೇ ಇತ್ತು ಅನ್ನಿಸಿತು.

ಅಪ್ಪ ಡಬ್ಬಿ ತಂದು ಸೋರುವ ಕಡೆ ಹಿಡಿದ. “ಹಳೇ ಬೋಲ್ಟ ಅದು, ಹೋಗೂದ ಇತ್ತು. ಒಳಗ ನಡಿ,” ಅಂದ. ಸ್ವಲ್ಪ ಹೊತ್ತಿಗೆ ಮಿಸ್ತ್ರಿಯ ಬೈಕಿನ ಸದ್ದು ಕೇಳಿತು. ನಾನು ಅಡುಗೆಮನೆಯಲ್ಲಿದ್ದೆ.

“ಏನ ಕಾಕಾ, ಮಗಳ ಮಿಸ್ತ್ರಿ ಅದಾಳಂತ, ನನ್ನ ಯಾಕ ಕರದ್ರಿ?” ಅವನು ಚೇಷ್ಟೆಗೆ ಕೇಳಿದ.

“ಆಕಿ ಮನ್ಯಾಗಿಲ್ಲೋ ತಮ್ಮಾ. ಗೋಕಾಕಕ್ಕ ಹೋಗ್ಯಾಳ,” ಅಪ್ಪ ಹೇಳಿದ. “ಇದ್ದಿದ್ರ ನಿನ್ನ ಕರೀತಿದ್ದಿಲ್ಲ.”

ಟ್ರ್ಯಾಕ್ಟರ್ ಚಾಲೂ ಆದ ಮೇಲೆ, ಮಿಸ್ತ್ರಿಗೆ ಚಹಾ ತರಲು ಅಪ್ಪ ಕೂಗಿದ. ಚಹಾ ನಾನೇ ಮಾಡಿದೆ. ಹೊರಗೆ ಕೊಡಲು ಅವ್ವ ಹೋದಳು.