ಶುಗರ್ ಟೆಸ್ಟಿಗೆ ಒಪ್ಪದ ಚೆನ್ನಪ್ಪ

ಉರ್ವ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಮೀನು ಮಾರಿದ ಬಾಗಿಯ ಎದುರು ಚೌಕಾಸಿ ಮಾಡಿ ಗೆದ್ದವರು ಕಡಿಮೆ. ಅದೇ ಬಾಗಿ ಮನೆಯಲ್ಲಿ ಗಂಡ ಚೆನ್ನಪ್ಪನ ಮುಖ ನೋಡಿಕೊಂಡೇ ಬಾಯಿ ತೆರೆಯುತ್ತಿದ್ದಳು. ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದ ಅವನಿಗೆ ಮಾತಿಗಿಂತ ಕೈ ಮುಂದೆ.

ಆ ಬೇಸಿಗೆಯಲ್ಲಿ ಅವನು ಚೊಂಬುಗಟ್ಟಲೆ ನೀರು ಕುಡಿಯತೊಡಗಿದ. ಅಂಗಿಗಳು ಸಡಿಲವಾದವು. ಕಬ್ಬಿಣದ ಚೂರು ತಾಗಿದ ಕಾಲ್ಬೆರಳಿನ ಗಾಯ ತಿಂಗಳಾದರೂ ಒಣಗಲಿಲ್ಲ. ಬಾಗಿಗೆ ಚೆನ್ನಪ್ಪನ ಅಪ್ಪನ ಕಥೆ ನೆನಪಾಯಿತು. ಅವರಿಗೂ ಹೀಗೆಯೇ ಬೆರಳಿನಿಂದ ಶುರುವಾಗಿ, ಕೊನೆಗೆ ಮೊಣಕಾಲಿನವರೆಗೆ ಕತ್ತರಿಸಿದ್ದರು. ಬಟ್ಟೆಯಲ್ಲಿ ಸುತ್ತಿ ಕೊಟ್ಟ ಆ ಕಾಲನ್ನು ಹೊತ್ತು ತಂದು ಹೂತವನು ಚೆನ್ನಪ್ಪನೇ. ಆಗ ಅವನಿಗೆ ಹತ್ತೊಂಬತ್ತು.

ನರ್ಸಿಂಗ್ ಓದುತ್ತಿದ್ದ ಮಗಳು ನಿರೀಕ್ಷಾ ಒಂದು ಭಾನುವಾರ ಶುಗರ್ ನೋಡುವ ಮೆಷಿನ್ ತಂದಳು.

"ಪಪ್ಪ, ಬೆರಳು ಕೊಡಿ. ಒಂದು ಹನಿ ರಕ್ತ ಸಾಕು."

"ನನಗೆ ಎಂತ ಆಗಿದೆ? ತೆಗಿ ಅದನ್ನು."

"ಅಜ್ಜನಿಗೆ ಇತ್ತಲ್ಲ, ನಿಮಗೂ ಬಂದಿರಬಹುದು."

ಅಜ್ಜನ ಹೆಸರು ಕೇಳಿದ್ದೇ ಅವನು ಊಟದ ಬಟ್ಟಲನ್ನು ಒದ್ದು ಎದ್ದ. ಮೆಷಿನ್ ಗೋಡೆಗೆ ಬಡಿದು ಚೂರಾಯಿತು. ಮಗಳ ಜಡೆ ಹಿಡಿದು ಅವಳ ತಲೆಯನ್ನು ಬಾಗಿಲ ದಾರಂದಕ್ಕೆ ಅಪ್ಪಳಿಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಬಿಡಿಸಲು ಹೋದ ಬಾಗಿಯ ಕುತ್ತಿಗೆಯನ್ನೇ ಅದುಮಿ ಗೋಡೆಗೆ ಒತ್ತಿದ. ಉಸಿರು ಕಟ್ಟಿತು. ಕೈಗೆ ಸಿಕ್ಕಿದ ಮಣೆಯನ್ನು ಎತ್ತಿ ಬಾಗಿ ಅವನ ಮಣಿಕಟ್ಟಿಗೆ ಬೀಸಿದಳು. ಎಲುಬು ಮುರಿದ ಸದ್ದು ಮೂವರಿಗೂ ಕೇಳಿತು.

ಚೆನ್ನಪ್ಪ ನೆಲದಲ್ಲಿ ಕುಸಿದ. "ನನ್ನ ಕಾಲನ್ನೂ ಕಡೀತಾರೆ ಬಾಗಿ," ಎಂದು ಗೋಳೋ ಎಂದು ಅತ್ತ.

"ಹೆದರಿಕೆ ನಿಮಗೆ. ಪೆಟ್ಟು ನಮಗೆ ಯಾಕೆ?" ಎಂದಳು ಬಾಗಿ. ಕೈಯಲ್ಲಿದ್ದ ಮಣೆಯನ್ನು ಕೆಳಗಿಡಲಿಲ್ಲ.

ಆಸ್ಪತ್ರೆಯಲ್ಲಿ ಮಗಳಿಗೆ ಐದು ಹೊಲಿಗೆ ಬಿದ್ದವು. ಹೇಗಾಯಿತೆಂದು ಡಾಕ್ಟರು ಕೇಳಿದರು. ಅಷ್ಟು ವರ್ಷ ಎಲ್ಲರಿಗೂ ಜಾರಿ ಬಿದ್ದೆನೆಂದೇ ಹೇಳುತ್ತಿದ್ದ ಬಾಗಿ, "ಅಪ್ಪ ಹೊಡೆದದ್ದು. ಹಾಗೇ ಬರೀರಿ," ಎಂದಳು. ಅಲ್ಲಿಂದ ಮಗಳನ್ನು ಕರೆದುಕೊಂಡು ನೇರವಾಗಿ ದೇರೆಬೈಲಿನ ಅಕ್ಕನ ಮನೆಗೆ ಹೋದಳು. ಪೊಲೀಸರು ಚೆನ್ನಪ್ಪನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು.

ಹನ್ನೆರಡು ದಿನಗಳ ಮೇಲೆ ಅವನು ಆ ಮನೆಯ ಗೇಟಿನ ಹೊರಗೆ ಬಂದು ನಿಂತ. ಒಂದು ಕೈಗೆ ಪ್ಲಾಸ್ಟರ್, ಇನ್ನೊಂದರಲ್ಲಿ ಲ್ಯಾಬಿನ ಕಾಗದ.

"ಶುಗರ್ ಉಂಟು. ಮದ್ದು ಬಿಡದಿದ್ದರೆ ಕಾಲು ಉಳಿಯಬಹುದಂತೆ," ಎಂದ. "ಮನೆಗೆ ಯಾವಾಗ ಬರ್ತೀರಿ?"

ಬಾಗಿ ಕಾಗದವನ್ನು ಮಗಳಿಗೆ ಕೊಟ್ಟಳು. ನಿರೀಕ್ಷಾ ಕಿಟಕಿಯ ಒಳಗಿನಿಂದಲೇ ಓದಿದಳು. "ಮಾತ್ರೆ ತಪ್ಪಿಸಬೇಡಿ ಪಪ್ಪ. ಬರಿಗಾಲಲ್ಲಿ ನಡೀಬೇಡಿ," ಎಂದಳು. ಹೊರಗೆ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬೆರಳಿನ ಗಾಯ ಮಾಯಿತು. ಬಾಗಿ ಮಾತ್ರ ಹಿಂತಿರುಗಲಿಲ್ಲ, ದೇರೆಬೈಲಿನಲ್ಲೇ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಚೆನ್ನಪ್ಪ ಒಮ್ಮೊಮ್ಮೆ ಮಾರುಕಟ್ಟೆಗೆ ಬಂದು ಹೊಸ ರಿಪೋರ್ಟ್ ತೋರಿಸುತ್ತಾನೆ. ಬಂಗುಡೆ ಕತ್ತರಿಸುತ್ತಲೇ ಅವಳು, "ಬಾಯಾರಿಕೆ ಕಡಿಮೆ ಆಯ್ತಾ?" ಎಂದು ಕೇಳುತ್ತಾಳೆ. ಮನೆಗೆ ಬಾ ಎನ್ನುವ ಮಾತನ್ನು ಅವನು ಈಗ ಎತ್ತುವುದಿಲ್ಲ.