ಕುದಿಸಿದ ಹಲ್ಲಿನ ಸೆಟ್ಟು

ನನ್ನ ಮಗಳಿಗೆ ಸಂಬಂಧಿಸಿದ ಈ ಸಂಗತಿಯನ್ನು, ನನ್ನ ತಪ್ಪನ್ನು ಮರೆಮಾಚದೆ, ನಡೆದಂತೆಯೇ ನಿವೇದಿಸಿಕೊಳ್ಳುತ್ತೇನೆ.

ಅವಳಿಗೆ ಆಗ ಆರು ವರ್ಷ. ಹುಟ್ಟಿನಿಂದಲೇ ಬಂದ ಅಪರೂಪದ ಕಾಯಿಲೆಯ ಕಾರಣ ಅವಳಿಗೆ ಬೆವರು ಬರುವುದಿಲ್ಲ; ಬಿಸಿಲಿಗೆ ಹೋದರೆ ಮೈ ಕಾದುಬಿಡುತ್ತದೆ. ಮೊಳೆಯಂತೆ ಚೂಪಾದ ಎರಡು ಹಲ್ಲುಗಳ ಹೊರತು ಬೇರೆ ಹಲ್ಲು ಮೂಡಲಿಲ್ಲ. ಹಾವೇರಿಯ ದಂತವೈದ್ಯರು ಹಲವು ಸಲ ಅಳತೆ ತೆಗೆದು ಹಲ್ಲಿನ ಸೆಟ್ಟು ಮಾಡಿಕೊಟ್ಟರು. ಅದನ್ನು ಹಾಕಿಕೊಂಡ ದಿನ ಮಗಳು ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ, ಖಡಕ್ ರೊಟ್ಟಿಯನ್ನು ಅಜ್ಜಿಯ ಕಿವಿಯ ಬಳಿ ಹೋಗಿ ಸದ್ದು ಮಾಡಿ ಅಗಿದಳು.

ಮೂರನೆಯ ವಾರ ಸೆಟ್ಟು ಅಂಗಳದ ಸಗಣಿನೀರಿಗೆ ಬಿದ್ದಿತು. ಹಾಲಿನ ಬಾಟಲಿಯ ಕಾಲದಿಂದಲೂ ಅವಳ ಬಾಯಿಗೆ ಹೋಗುವುದನ್ನೆಲ್ಲ ಕುದಿಸಿಯೇ ಕೊಡುವುದು ನನ್ನ ರೂಢಿ. ಅದನ್ನೂ ಕುದಿಸಿದೆ. ತಣ್ಣೀರಿನಲ್ಲಿಯೇ ತೊಳೆಯಬೇಕೆಂದು ವೈದ್ಯರು ಸೂಚಿಸಿದ್ದು, ಸೆಟ್ಟು ಸೊಟ್ಟಗಾದ ಮೇಲೆ ನೆನಪಾಯಿತು.

ಬಿಸಿಲೇರುವ ಮುನ್ನವೇ ಹಿರೇಕೆರೂರಿನಲ್ಲಿ ಹಾವೇರಿಯ ಮೊದಲ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಜಾಗ ಸಿಗಲಿಲ್ಲ. ಒದ್ದೆ ಬಟ್ಟೆಯಿಂದ ಅವಳ ಕುತ್ತಿಗೆ ಒರೆಸುತ್ತ, "ಬಿದ್ದು ಸೊಟ್ಟ ಆತು ಅನ್ನು," ಎಂದು ಹೇಳಿಕೊಟ್ಟೆ.

"ಬಿದ್ದಿದ್ದು ಖರೇನ ಐತೆಲ್ಲಬೇ."

"ಅಷ್ಟ ಹೇಳು. ಮುಂದಿಂದು ಬ್ಯಾಡ."

ಅಜಾಗರೂಕ ತಾಯಿಯೆಂದು ತಿಳಿದರೆ ವೈದ್ಯರು ಮತ್ತೊಂದನ್ನು ಮಾಡಿಕೊಡಲಿಕ್ಕಿಲ್ಲ ಎಂಬುದೇ ನನ್ನ ಭಯವಾಗಿತ್ತು.

ವೈದ್ಯರು ಸೆಟ್ಟನ್ನು ತಿರುಗಿಸಿ ನೋಡಿದರು. "ಏನಾತ್ರಿ ಇದಕ್ಕ?"

"ಬಿದ್ದು..." ಎಂದೆ.

"ನಮ್ಮವ್ವ ಚಾ ಕುದಿಸಿದಂಗ ಕುದಿಸ್ಯಾಳ್ರಿ," ಎಂದಳು ಮಗಳು. "ಸೋಸೂದೊಂದ ಉಳಿದಿತ್ತು."

ವೈದ್ಯರು ನಕ್ಕುಬಿಟ್ಟರು. "ಅಂಜಬ್ಯಾಡ್ರಿ, ಮತ್ತ ಮಾಡೂಣು. ಹೆಂಗೂ ದವಡಿ ಬೆಳದಂಗ ಇದು ಸಣ್ಣದಾಗತೈತಿ. ಆಕಿ ದೊಡ್ಡಾಕಿ ಆಗೂತನಕ ಹೊಸಾದು ಮಾಡಸ್ಕೋಂತನ ಇರಬೇಕ್ರಿ."

ಸೆಟ್ಟು ಬಂದರೆ ಎಲ್ಲವೂ ಮುಗಿಯುತ್ತದೆಂದು ನಾನು ಅಲ್ಲಿಯ ತನಕ ನಂಬಿದ್ದೆ. ಅಳತೆ ತೆಗೆಯುವ ಅಂಟು ಮುದ್ದೆಯನ್ನು ಬಾಯಿಗಿಟ್ಟಾಗ ಮಗಳು ನನ್ನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ಕುರ್ಚಿಯ ಪಕ್ಕದಿಂದ ನಾನು ಇನ್ನು ಹಲವು ವರ್ಷ ಕದಲುವಂತಿಲ್ಲ ಎಂಬುದು ಆಗ ಮನವರಿಕೆಯಾಯಿತು.

ಮರಳಿ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

"ಇವತ್ತು ಮತ್ತ ಹಾಲು-ರೊಟ್ಟಿನ?"

"ಹೂಂ."

"ಸೆಟ್ಟು ಬರೂತನಕ?"

"ಹೂಂ."

ಬಸ್ಸಿನ ಸುಳಿವಿರಲಿಲ್ಲ. ಬಾಟಲಿಯಲ್ಲಿ ಉಳಿದಿದ್ದ ನೀರಿನಲ್ಲಿ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ಅವಳ ತಲೆಯ ಮೇಲೆ ಹಾಕಿದೆ.