ಹಳೆಯ ದರದ ಸೀರೆಗಳು

ನಮ್ಮ ಮಾವನವರಿಗೆ ಮರೆವು ಹತ್ತಿದ್ದು ನಮಗಿಂತ ಮೊದಲು ಓಣಿಯ ಹೆಂಗಸರಿಗೆ ಗೊತ್ತಾಯಿತು. ಮನೆಯಲ್ಲಿ ಅವರು ಹೊತ್ತಿಗೆ ಸರಿಯಾಗಿ ಏಳುತ್ತಿದ್ದರು, ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು, ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಊಟಕ್ಕೆ ಉಪ್ಪು ಕಮ್ಮಿಯಾದರೆ ಹೇಳುತ್ತಿದ್ದರು. ಅವರು ಮರೆತದ್ದು ಈಚಿನ ಎರಡು ಮೂರು ವರ್ಷಗಳನ್ನು. ಅಂದರೆ ಯುದ್ಧವನ್ನು.

ಪುಣೆಯ ರವಿವಾರ ಪೇಠೆಯಲ್ಲಿ ನಮ್ಮದು ಇಳಕಲ್ ಸೀರೆ ಮತ್ತು ಕುಬಸದ ಖಣದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮಾವ ಹರೆಯದಲ್ಲಿ ಸೀರೆಯ ಗಂಟು ಹೆಗಲ ಮೇಲೆ ಹೊತ್ತು ಕಾತ್ರಜದ ಘಾಟು ಇಳಿದು ಭೋರಿನ ಸಂತೆವರೆಗೆ ನಡೆದವರು. ಆಮೇಲೆ ಈ ಅಂಗಡಿ ಹಿಡಿದರು. ಅವರ ಅಂಗಡಿಯಲ್ಲಿ ಚೌಕಾಸಿ ಇರಲಿಲ್ಲ. ಒಂದು ದರ ಹೇಳುತ್ತಿದ್ದರು. ಬೇಕಾದವರು ತೆಗೆದುಕೊಳ್ಳಬೇಕು, ಬೇಡವಾದವರು ನೀರು ಕುಡಿದು ಹೋಗಬೇಕು. ಮರಾಠಿ ಹೆಣ್ಣುಮಕ್ಕಳಿಗೆ ಅವರ ಮೇಲೆ ಅದಕ್ಕೇ ವಿಶ್ವಾಸ. ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ‘ಆಜೋಬಾ’ ಅನ್ನುತ್ತಿದ್ದರು, ಅಜ್ಜ ಅಂತ.

ಎರಡನೆಯ ಮಹಾಯುದ್ಧ ಬಂದ ಮೇಲೆ ನೂಲು ಸಿಗದಾಯಿತು. ಆರು ರೂಪಾಯಿಯ ಸೀರೆ ಹತ್ತಾಯಿತು, ಹದಿನೈದಾಯಿತು, ಹದಿನೆಂಟಕ್ಕೆ ಹೋಯಿತು. ನೇಕಾರರು ಕೈಯಲ್ಲಿ ರೊಕ್ಕ ಕಾಣದೆ ಮಾಲು ಬಿಡುತ್ತಿರಲಿಲ್ಲ. ಅದಕ್ಕಾಗಿ ನಮ್ಮ ಮನೆಯವರು ತಾವೇ ಇಳಕಲ್ಲಿಗೆ ಹೋಗಿ, ಮಗ್ಗದಿಂದ ಮಗ್ಗಕ್ಕೆ ಅಲೆದು, ಎಷ್ಟು ಸಿಕ್ಕಿತೋ ಅಷ್ಟು ತರಬೇಕಾಯಿತು. ಹೋದರೆ ಹತ್ತು ಹದಿನೈದು ದಿನ ಬರುತ್ತಿರಲಿಲ್ಲ. ಇದ್ದ ಒಬ್ಬ ಗುಮಾಸ್ತ ಯುದ್ಧದ ಕಾರಖಾನೆಯಲ್ಲಿ ಪಗಾರ ಹೆಚ್ಚೆಂದು ಬಿಟ್ಟುಹೋಗಿದ್ದ. ಆಗ ಅಂಗಡಿಯ ಗಾದಿಯ ಮೇಲೆ ಮಾವ ಒಬ್ಬರೇ.

ಇವರು ಊರಲ್ಲಿ ಇಲ್ಲದಾಗ ಅಂಗಡಿಯಲ್ಲಿ ಗದ್ದಲ ಹೆಚ್ಚು ಅನ್ನುವುದು ನನ್ನ ಕಿವಿಗೆ ಬಿತ್ತು. ಮೇಲೆ ಅಡಿಗೆಮನೆಯಲ್ಲಿ ಕೂತರೆ ಕೆಳಗಿನ ಬಳೆಗಳ ಸಪ್ಪಳ, ನಗು, ಎಲ್ಲ ಕೇಳುತ್ತಿತ್ತು. ಇವರು ಬಂದ ಮರುದಿನ ಮತ್ತೆ ಎಲ್ಲ ತಣ್ಣಗೆ. ಒಮ್ಮೆ ಚಹಾ ಕೊಡಲು ಇಳಿದಾಗ ಒಳಬಾಗಿಲಲ್ಲಿ ನಿಂತು ನೋಡಿದೆ. ಎದುರಿನ ದೊಡ್ಡ ಮನೆಯ, ಎದುರು ವಾಡೆಯ, ಹೆಂಗಸು ಕೆಂಪು ಸೆರಗಿನ ಸೀರೆ ತೊಡೆಯ ಮೇಲೆ ಹಾಕಿಕೊಂಡು, ‘ಆಜೋಬಾ, ಇದು ಆರು ರೂಪಾಯಿ ಅಲ್ಲವೇ?’ ಎಂದು ಮರಾಠಿಯಲ್ಲಿ ಕೇಳಿದಳು. ಅದೇ ಸೀರೆಯನ್ನು ಹಿಂದಿನ ತಿಂಗಳು ಇವರ ಹತ್ತಿರ ನೋಡಿ, ಹದಿನೆಂಟು ಕೇಳಿ, ಇಟ್ಟುಹೋದವಳು ಅವಳೇ. ಮಾವ ಕಣ್ಣು ಕಿರಿದು ಮಾಡಿ ಅಂಚು ನೋಡಿ, ‘ಹೌದು, ಆರು’ ಎಂದರು.

ನಾನು ತಡೆಯಲಾರದೆ ಅಂದೆ. ‘ಮಾವನವರ, ಅದು ಹದಿನೆಂಟು ಅದ ರೀ. ಅವರು ಹೇಳಿ ಹೋಗ್ಯಾರ.’

ಮಾವ ನನ್ನ ಕಡೆ ತಿರುಗಿದರು. ಆ ಮುಖ ನಾನು ಹಿಂದೆ ಕಂಡಿರಲಿಲ್ಲ. ‘ಒಳಗ ಹೋಗು ಯವ್ವಾ’ ಎಂದರು. ‘ಗಿರಾಕಿ ಮುಂದ ಮಾತಾಡಬ್ಯಾಡ. ಆರರ ಮಾಲಿಗೆ ಹದಿನೆಂಟು ತಗೊಳ್ಳಾಕ ನಾ ಏನು ದರೋಡೆ ಮಾಡಾಂವ ಅಲ್ಲ.’

ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ತಿಳಿಯಿತು. ಅವಳು ನನ್ನನ್ನೇ ನೋಡುತ್ತ ಆರು ರೂಪಾಯಿ ಎಣಿಸಿ ಗಾದಿಯ ಮೇಲಿಟ್ಟು, ಸೀರೆ ಬಗಲಲ್ಲಿ ಒತ್ತಿಕೊಂಡು ಹೋದಳು.

ಇವರು ಊರಿಂದ ಬಂದ ಕೂಡಲೇ ಹೇಳಿದೆ.  ಇವರು ಕೂತು ಒಂದೊಂದು ಸೀರೆಗೂ ಒಂದೊಂದು ದರದ ಚೀಟಿ ಬರೆದು ಟಾಚಣಿಯಿಂದ ಚುಚ್ಚಿದರು. ಎರಡು ದಿನವೂ ಉಳಿಯಲಿಲ್ಲ. ಯಾರೋ ಹುಚ್ಚರು ಏನೇನೋ ಬರೆದು ಹಚ್ಚಿದ್ದಾರೆಂದು ಮಾವನೇ ಎಲ್ಲ ಕಿತ್ತು ಬುಟ್ಟಿಗೆ ಹಾಕಿದರು. ಅಪ್ಪನನ್ನು ಗಾದಿಯಿಂದ ಇಳಿಸಲು ಇವರಿಗೆ ಧೈರ್ಯ ಬರಲಿಲ್ಲ. ಆ ಗಾದಿ ಅವರೇ ಹಾಕಿದ್ದು. ‘ಇನ್ನೊಂದು ಸರ್ತಿ ಹೋಗಿ ಬರ್ತೀನಿ. ಆಮ್ಯಾಗ ನೋಡೋಣು’ ಎಂದರು.

ಎಲ್ಲರೂ ಒಂದೇ ತರಹ ಇರಲಿಲ್ಲ ಎನ್ನುವುದನ್ನೂ ಹೇಳಬೇಕು. ಹೆಣ್ಣುಮಕ್ಕಳ ಶಾಲೆಯ ಒಬ್ಬ ಮಾಸ್ತರಿಣಿ ಹೀಗೇ ಸೀರೆ ಕೊಂಡು, ಹಿಂದಿನ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದರು. ‘ಆಜೋಬಾ ತಪ್ಪು ದರ ಹೇಳಿದರು. ಸರಿಯಾಗಿ ಕೊಡಹೋದರೆ ಸಿಟ್ಟಾದರು. ನೀವು ಇಟ್ಟುಕೊಳ್ಳಿ’ ಎಂದು ಉಳಿದ ಹನ್ನೆರಡು ರೂಪಾಯಿ ನನ್ನ ಕೈಯಲ್ಲಿಟ್ಟರು. ನನ್ನ ಕಣ್ಣಲ್ಲಿ ನೀರು ಬಂತು. ದೀಪಾವಳಿಗೆ ಅವರು ಮತ್ತೆ ಬಂದರು. ಎರಡು ಸೀರೆ ತೆಗೆದುಕೊಂಡರು. ನಾನು ಮೇಲೆ ಕಾದೆ. ಮೆಟ್ಟಿಲ ಮೇಲೆ ಸಪ್ಪಳ ಬರಲಿಲ್ಲ. ಕಿಟಕಿಯಿಂದ ನೋಡಿದರೆ, ಪೊಟ್ಟಣ ಎದೆಗೆ ಹಿಡಿದು, ತಲೆ ತಗ್ಗಿಸಿ, ಓಣಿಯ ಆ ಬದಿಯಿಂದ ಹೋಗುತ್ತಿದ್ದರು. ಎದುರು ವಾಡೆಯ ಹೆಂಗಸಿನ ಮೇಲೆ ನನಗೆ ಬರೀ ಸಿಟ್ಟಿತ್ತು. ಮಾಸ್ತರಿಣಿಯನ್ನು ನೋಡಿ ಹೆದರಿಕೆಯಾಯಿತು. ಎಂಥವರನ್ನೂ ಇದು ಬಿಡುವುದಿಲ್ಲ ಅನಿಸಿತು.

ಅದೇ ಚಳಿಗಾಲ ನನ್ನ ತಂಗಿಯ ಮದುವೆ ಗೊತ್ತಾಯಿತು. ನನ್ನ ತವರು ಪುಣೆಯ ಕಸಬಾ ಪೇಠೆಯಲ್ಲೇ ಇತ್ತು. ಅಪ್ಪ ಸತ್ತು ಮೂರು ವರ್ಷವಾಗಿತ್ತು. ಅವ್ವ, ತಂಗಿ, ಕಚೇರಿಯಲ್ಲಿ ಕಾರಕೂನನಾಗಿದ್ದ ಅಣ್ಣ, ಇಷ್ಟೇ ಜನ. ಇವರು ಮತ್ತೆ ಇಳಕಲ್ಲಿಗೆ ಹೋಗಿದ್ದರು. ಹಾಗೆ ಹೋಗುವಾಗ ಕೈಯಲ್ಲಿದ್ದ ರೊಕ್ಕವನ್ನೆಲ್ಲ ಒಯ್ದಿದ್ದರು. ಒಂದು ಮಧ್ಯಾಹ್ನ ನಾನು ನಮ್ಮ ಮಗುವನ್ನು ವೈದ್ಯರಿಗೆ ತೋರಿಸಿ ಬರುವಷ್ಟರಲ್ಲಿ ಅಂಗಡಿಯ ಒಂದು ಕಪಾಟು ಬರಿದಾಗಿತ್ತು. ಮಾವ ಖುಷಿಯಲ್ಲಿದ್ದರು.

‘ನಿಮ್ಮವ್ವ ಬಂದಿದ್ಲು’ ಎಂದರು. ‘ಮದುವಿ ಜವಳಿ ಎಲ್ಲಾ ನಮ್ಮಲ್ಲೇ ತಗೊಂಡ್ಲು. ಒಂಬತ್ತು ಸೀರಿ. ಬೀಗರ ಅಂತ ಸೀರಿಗೆ ಎಂಟಾಣೆ ಬಿಟ್ಟೀನಿ. ಎಂದೂ ಬಿಟ್ಟಾಂವ ಅಲ್ಲ ನಾ.’

ಆ ಒಂಬತ್ತರಲ್ಲಿ ರೇಷ್ಮೆಯವು ನಾಲ್ಕಿದ್ದವು. ಉಳಿದೆಲ್ಲ ಮಾರಿದರೂ ಇವರಿಗೆ ಮುಂದಿನ ಮಾಲಿಗೆ ರೊಕ್ಕ ಸಾಲುವ ಹಾಗಿರಲಿಲ್ಲ. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಾಗೇ ಕಸಬಾ ಪೇಠೆಗೆ ನಡೆದೆ.

ಸೀರೆಗಳನ್ನು ಅವ್ವ ಚಾಪೆಯ ಮೇಲೆ ಹರವಿದ್ದಳು. ತಂಗಿ ಒಂದನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ನನ್ನನ್ನು ಕಂಡು ಅವ್ವ ತಂಗಿಗೆ, ‘ನೀರು ತುಂಬಿಕೊಂಡು ಬಾ’ ಎಂದು ಹೊರಗೆ ಕಳಿಸಿದಳು. ನಾನು ಯಾಕೆ ಬಂದಿದ್ದೇನೆಂದು ಅವಳಿಗೆ ಹೇಳಬೇಕಾಗಲಿಲ್ಲ.

‘ಅವರು ಕೇಳಿದಷ್ಟು ಕೊಟ್ಟೀನಿ’ ಎಂದಳು. ‘ನಾ ಕದ್ದೀನೇನು?’

‘ಕದ್ದಿಲ್ಲ. ಆದ್ರ ಈಗಿನ ದರ ಏನು ಅಂತ ನಿನಗ ಗೊತ್ತಿತ್ತು. ನಾ ಮನ್ಯಾಗ ಇಲ್ಲದ ಹೊತ್ತು ನೋಡಿ ಹೋಗೀದಿ.’

‘ಪ್ಯಾಟ್ಯಾಗ ಎಲ್ಲಾರೂ ಒಯ್ಯಾಕತ್ತ್ಯಾರ. ಗುರುತಿಲ್ಲದವ್ರು ಒಯ್ದ್ರ ನಡೀತದ, ನಾ ಒಯ್ದ್ರ ನಡ್ಯಂಗಿಲ್ಲ?’

‘ಅವ್ವಾ, ಅವ್ರಿಗೆ ಬುದ್ಧಿ ಹೋಗೇದ. ಅದಕ್ಕ ಆ ದರ ಹೇಳ್ತಾರ. ನಿನಗ ಸೀರಿ ಬೇಕಿತ್ತಂದ್ರ ಇವ್ರನ್ನ ಕೇಳಬಹುದಿತ್ತಲ್ಲ. ಇವ್ರು ಇಲ್ಲ ಅಂತಿರಲಿಲ್ಲ.’

ಅವ್ವ ಸೀರೆಗಳನ್ನು ಒಂದೊಂದಾಗಿ ಮಡಚತೊಡಗಿದಳು. ‘ಇಲ್ಲ ಅಂತಿರಲಿಲ್ಲ. ಅದು ನನಗೂ ಗೊತ್ತದ’ ಎಂದಳು. ‘ಅಳಿಯನ ಮುಂದ ಸೆರಗು ಒಡ್ಡಾಕ ನನಗ ಆಗಲಿಲ್ಲ. ನಿಮ್ಮಪ್ಪ ಹೋದಮ್ಯಾಲ ಅಕ್ಕಿಗೆ ಕೇಳೀನಿ, ಬಾಡಿಗಿಗೆ ಕೇಳೀನಿ, ನಿಮ್ಮ ಅಣ್ಣನ ನೌಕರಿಗೆ ಮಂದಿ ಕಾಲು ಹಿಡಿದೀನಿ. ಇಲ್ಲಿ ಯಾರನ್ನೂ ಕೇಳೂದು ಬೇಕಾಗಲಿಲ್ಲ. ಆ ಮುದುಕ ನಕ್ಕೋತ ಕೊಟ್ಟ.’

 ಸೀರೆ ವಾಪಸು ಕೊಡು ಎನ್ನಲು ಬಂದವಳು ಹಾಗೆ ಅನ್ನಲೂ ಆಗದೆ, ಅವಳನ್ನು ಸರಿ ಎನ್ನಲೂ ಆಗದೆ ಕೂತೆ. ತಂಗಿ ನೀರಿನ ಕೊಡ ಹೊತ್ತು ಬಂದಳು. ನಾನು ಎದ್ದೆ. ಅವ್ವ ಕುಂಕುಮ ಹಚ್ಚಲು ತಂಗಿಗೆ ಹೇಳಿದಳು. ಹಚ್ಚಿಸಿಕೊಂಡು ಬಂದೆ.

ಇವರು ಇಳಕಲ್ಲಿನಿಂದ ಅರ್ಧ ಗಂಟು ಮಾಲಷ್ಟೇ ತಂದರು. ಕಪಾಟು ನೋಡಿದರು, ರೊಕ್ಕದ ಪೆಟ್ಟಿಗೆ ನೋಡಿದರು. ಕೈಕಾಲು ತೊಳೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಅವ್ವ ಅಂದದ್ದನ್ನೂ ಸೇರಿಸಿ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ‘ಮದುವಿ ಆಗಲಿ. ಆ ಸೀರಿ ಸುದ್ದಿ ಇನ್ನ ಎತ್ತಬ್ಯಾಡ’ ಎಂದಷ್ಟೇ ಅಂದು ಅಪ್ಪನ ಹತ್ತಿರ ಹೋಗಿ ಕೂತರು.

‘ಅಪ್ಪಾ, ನಾಳಿಂದ ನೀವು ಮ್ಯಾಲೇ ಇರ್ರಿ. ಅಂಗಡಿ ನಾ ನೋಡ್ಕೋತೀನಿ.’

‘ಯಾಕ? ನನಗೇನಾಗೇದ?’

ಇವರು ನಿಧಾನಕ್ಕೆ ವಿವರಿಸಿದರು. ಯುದ್ಧ, ನೂಲು, ಹೊಸ ದರ, ಯಾರು ಯಾರು ಏನೇನು ಒಯ್ದರು. ಮಾವ ಕೇಳುತ್ತ ಹೋದ ಹಾಗೆ ಅವರಿಗೆ ಒಂದು ಗಳಿಗೆ ಎಲ್ಲ ತಿಳಿಯಿತು ಅನಿಸುತ್ತದೆ. ಎದುರು ವಾಡೆಯವಳ ಹೆಸರು ಬಂದಾಗ, ‘ಆಕಿ ಸಣ್ಣಾಕಿದ್ದಾಗಿಂದ ಬರ್ತಾಳ. ಆಕಿಗೆ ಗೊತ್ತಿತ್ತು ಅಂತೀಯೇನು?’ ಎಂದು ಕೇಳಿದರು. ಇವರು ಹೌದು ಅಂದರು. ಮಾವ ರುಮಾಲು ತೆಗೆದು ಪಕ್ಕಕ್ಕಿಟ್ಟು ಗೋಡೆಗೆ ಒರಗಿದರು. ಆ ರಾತ್ರಿ ಊಟ ಮಾಡಲಿಲ್ಲ.

ಬೆಳಿಗ್ಗೆ ಎದ್ದಾಗ ಅವರಿಗೆ ಅದ್ಯಾವುದೂ ನೆನಪಿರಲಿಲ್ಲ. ಕೋಟು ಹಾಕಿ, ರುಮಾಲು ಸುತ್ತಿ, ಅಂಗಡಿಗೆ ಇಳಿಯಲು ಬಂದರು. ಮೆಟ್ಟಿಲ ಬುಡದ ಬಾಗಿಲಿಗೆ ಇವರು ಆ ಕಡೆಯಿಂದ ಚಿಲಕ ಹಾಕಿದ್ದರು. ಆ ದಿನದಿಂದ ದಿನಾಲೂ ಹೀಗೇ. ಬಂದು ಬಾಗಿಲು ತಳ್ಳುತ್ತಿದ್ದರು, ಆಮೇಲೆ ತಟ್ಟುತ್ತಿದ್ದರು, ಆಮೇಲೆ ಮಗನನ್ನು ಕರೆಯುತ್ತಿದ್ದರು. ಕೆಳಗೆ ಗಿರಾಕಿಗಳ ಮುಂದೆ ಇವರು ಕೇಳಿಸದವರ ಹಾಗೆ ಕೂತಿರುತ್ತಿದ್ದರು. ನಾನು ಕೈಹಿಡಿದು ಮೇಲೆ ಕರೆದುಕೊಂಡು ಬರುತ್ತಿದ್ದೆ. ‘ಏನು ತಪ್ಪು ಮಾಡೀನಿ ಯವ್ವಾ ನಾನು?’ ಎಂದು ಕೇಳುತ್ತಿದ್ದರು. ಏನೂ ಇಲ್ಲ ರೀ ಎನ್ನುತ್ತಿದ್ದೆ. ನಿಜವಾಗಿಯೂ ಏನೂ ಇರಲಿಲ್ಲ.

ಹೆಂಗಸರು ಬಂದು ಆಜೋಬಾ ಎಲ್ಲಿ ಎಂದು ಕೇಳುತ್ತಿದ್ದರು. ಮೈಯಲ್ಲಿ ಹುಷಾರಿಲ್ಲ ಎಂದರೆ ಅಯ್ಯೋ ಪಾಪ ಎಂದು, ದರ ಕೇಳಿ, ಎದ್ದು ಹೋಗುತ್ತಿದ್ದರು. ಮಗ ಲೋಭಿ, ಅಪ್ಪನ ಹಾಗಲ್ಲ ಎಂಬ ಮಾತು ಪೇಠೆಯಲ್ಲಿ ಹಬ್ಬಿತು. ತಂಗಿಯ ಮದುವೆ ಚೆನ್ನಾಗಿಯೇ ಆಯಿತು. ಬೀಗರು ಜವಳಿ ಹೊಗಳಿದರು. ಅವ್ವ ನನ್ನ ಕಡೆ ನೋಡಲಿಲ್ಲ; ಇವರಿಗೆ ತಾನೇ ನಿಂತು ಎರಡು ಸಲ ಹೋಳಿಗೆ ಬಡಿಸಿದಳು. ಇವರು ಬೇಡ ಅನ್ನದೆ ತಿಂದರು.

ಮಾವ ಮುಂದಿನ ಮಳೆಗಾಲ ಕಳೆಯಲಿಲ್ಲ. ಮೊದಲು ಕೋಟು ಹಾಕಿಕೊಳ್ಳುವುದು ನಿಂತಿತು, ಆಮೇಲೆ ಹಾಸಿಗೆಯಿಂದ ಏಳುವುದು. ಕಡೆಕಡೆಗೆ ನನ್ನ ಹೆಸರೂ ಹೋಯಿತು. ತೀರಿಕೊಂಡ ದಿನ ಓಣಿಯೆಲ್ಲ ಸೇರಿತ್ತು. ಎದುರು ವಾಡೆಯವಳು ಗೋಳೋ ಎಂದು ಅತ್ತಳು. ಒಂದು ಪೈ ಹೆಚ್ಚು ತೆಗೆದುಕೊಂಡವರಲ್ಲ, ದೇವರಂಥ ಮನುಷ್ಯ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ಅಳು ಸುಳ್ಳು ಎಂದು ನಾನು ಹೇಳಲಾರೆ. ಅವರಿಗೆ ನಿಜವಾಗಿಯೂ ದುಃಖವಾಗಿತ್ತು. ಮಾಸ್ತರಿಣಿ ಬರಲಿಲ್ಲ.

ಅಂಗಡಿಯನ್ನು ಇವರು ಇನ್ನೊಂದು ವರ್ಷ ಎಳೆದರು. ಕೈಯಲ್ಲಿ ರೊಕ್ಕವಿಲ್ಲದೆ ಮಾಲಿಲ್ಲ, ಮಾಲಿಲ್ಲದೆ ಗಿರಾಕಿಯಿಲ್ಲ. ಸರಕಾರ ಬಟ್ಟೆಯ ದರಕ್ಕೂ ಮಾರಾಟಕ್ಕೂ ಕಂಟ್ರೋಲು ತಂದಾಗ ಉಳಿದದ್ದೂ ಮುಗಿಯಿತು. ಕಪಾಟು, ಗಾದಿ, ಗಜಕೋಲು ಎಲ್ಲವನ್ನೂ ಒಬ್ಬ ಪಾತ್ರೆ ವ್ಯಾಪಾರಿಗೆ ಬಿಟ್ಟುಕೊಟ್ಟು ನಾವು ಹಿಂದಿನ ಓಣಿಯಲ್ಲಿ ಎರಡು ಕೋಣೆ ಹಿಡಿದೆವು. ಇವರು ಲಕ್ಷ್ಮೀ ರಸ್ತೆಯ ಒಂದು ದೊಡ್ಡ ಜವಳಿ ಅಂಗಡಿಯಲ್ಲಿ ಪಗಾರಕ್ಕೆ ನಿಂತರು. ಮೊದಲ ದಿನ ಮನೆಗೆ ಬಂದು ಕಾಲು ತೊಳೆದುಕೊಂಡು, ಹಾಸುಬಟ್ಟೆಯ ವಿಭಾಗ ತಮಗೆ ಕೊಟ್ಟಿದ್ದಾರೆ, ಸೀರೆಯದಲ್ಲ, ಸೀರೆಯ ದರ ಇನ್ನು ಯಾರಿಗೂ ಹೇಳಬೇಕಾಗಿಲ್ಲ ಎಂದರು. ನಾನು ತಾಟು ಹಾಕಿದೆ. ಬಿಸಿಯಿದ್ದಾಗಲೇ ಉಂಡು ಮಲಗಿದರು.